ಬರೆಯುವವರ ಕೈಗೆ ಸೂತ್ರ

ಕನ್ನಡವನ್ನು ಗಣಕಯಂತ್ರಕ್ಕೆ ಏರಿಸುವುದು ಬೆರಳಚ್ಚುಗಾರನ ಕೆಲಸ. ಆ ಯಂತ್ರಕ್ಕೆ ಆಜ್ಞೆಗಳನ್ನು ಬರೆಯುವುದು ಎಂಜಿನಿಯರನ ಕೆಲಸ. ಸಾಹಿತ್ಯಾಭಿಮಾನಿಗಳ ಕೆಲಸವೇನಿದ್ದರೂ ಓದುವುದು, ಮೆಚ್ಚುವುದು, ತಪ್ಪು ಕಂಡಲ್ಲಿ ನಿಟ್ಟುಸಿರಿಡುವುದು. ಹೀಗೊಂದು ಮೂರು ಪಾಲಿನ ವಿಭಾಗವು ಕಡೂರು, ತರೀಕೆರೆ, ಅಜ್ಜಂಪುರಗಳ ವಿದ್ಯಾವಂತ ಮನೆಗಳಲ್ಲಿ ಯಾರೂ ಕಂಡರಿಸದ ಶಾಸನದಂತೆ ನೆಲೆಗೊಂಡಿದೆ. ಇದನ್ನು ಯಾರೂ ವಿಧಿಸಿದವರಿಲ್ಲ; ಆದರೆ ಮೀರುವವರೂ ಕಾಣರು. ಈ ವಿಭಾಗವು ಅಯುಕ್ತವೆಂದೂ, ಕನ್ನಡದ ಬರೆಹಕ್ಕೆ ದಿನದಿನವೂ ಹಾನಿಯನ್ನು ತರುತ್ತಿರುವುದೆಂದೂ, ಅದನ್ನು ಅಳಿಸುವ ಸಾಧನವು ಸಾಮಾನ್ಯ ಗೃಹಸ್ಥರ ಕೈಗೆ ಎಟುಕುವಷ್ಟು ಹತ್ತಿರದಲ್ಲಿಯೇ ಇದೆಯೆಂದೂ ತೋರಿಸುವುದು ಕಷ್ಟವಲ್ಲ.

ಈ ಸೀಮೆಗೆ ಬರೆಹದ ಹೆಮ್ಮೆ ಹೊಸದೇನೂ ಅಲ್ಲ. ಜೈಮಿನಿ ಭಾರತದ ಲಕ್ಷ್ಮೀಶನು ಕಡೂರು ತಾಲ್ಲೂಕಿನ ದೇವನೂರಿನವನೆಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು. ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಕ್ರಿ. ಶ. 1196ರಲ್ಲಿ, ಎದ್ದ ಅಮೃತೇಶ್ವರ ದೇವಾಲಯದ ಶಾಸನಕ್ಕೆ ಪದ್ಯಗಳನ್ನು ರಚಿಸಿದವನು ಕವಿಚಕ್ರವರ್ತಿ ಜನ್ನ. ಆ ಶಾಸನಗಳನ್ನೆಲ್ಲ ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ 6ನೆಯ ಸಂಪುಟದಲ್ಲಿ, ಅಂದಿನ ಕಡೂರು ಜಿಲ್ಲೆಯ ಹೆಸರಿನಲ್ಲಿಯೇ, 1901ರಲ್ಲಿ ಅಚ್ಚು ಮಾಡಿಸಿದರು. ಕಲ್ಲಿನಿಂದ ಕಾಗದಕ್ಕೆ, ಓಲೆಯಿಂದ ಅಚ್ಚಿಗೆ, ಅಚ್ಚಿನಿಂದ ಈಗ ಗಣಕಕ್ಕೆ ಮಾತು ಒಂದೊಂದು ಮನೆ ಬದಲಾಯಿಸಿದಾಗಲೂ ತಪ್ಪುಗಳು ಹಿಂಬಾಲಿಸಿ ಬಂದಿವೆ. ಓಲೆಯ ಕಾಲದಲ್ಲಿ ಅದಕ್ಕೆ ಲಿಪಿಕಾರನನ್ನು ದೂರಿದರು. ಅಚ್ಚಿನ ಕಾಲದಲ್ಲಿ ಮುದ್ರಾರಾಕ್ಷಸನನ್ನು ಬೈದರು. ಗಣಕದ ಕಾಲದಲ್ಲಿ ಬೈಯುವುದಕ್ಕೆ ಯಾರೂ ಸಿಕ್ಕುವುದಿಲ್ಲ. ಏಕೆಂದರೆ ಈ ಕಾಲದ ಕೆಲವು ತಪ್ಪುಗಳು ಕಣ್ಣಿಗೇ ಕಾಣುವುದಿಲ್ಲ.

ಒಂದು ಉದಾಹರಣೆ ಸಾಕು. ಅಜ್ಜಂಪುರ ಎಂಬ ಹೆಸರಿನ ನಡುವೆ ಒಂದು ಅನುಸ್ವಾರವಿದೆ. ಕನ್ನಡದ ಅಂಕಿಗಳಲ್ಲಿ ಒಂದು ಸೊನ್ನೆಯಿದೆ. ಎರಡರ ಆಕಾರವೂ ದುಂಡು. ಅವಸರದ ಬೆರಳಚ್ಚಿನಲ್ಲಿ ಅನುಸ್ವಾರಕ್ಕೆ ಬದಲಾಗಿ ಸೊನ್ನೆಯನ್ನು ಒತ್ತಿ 'ಅಜ್ಜ೦ಪುರ' ಎಂದು ಬರೆದುಬಿಡುವುದು ಬಹು ಸಾಮಾನ್ಯ. ಓದುವವನಿಗೆ ಭೇದ ತಿಳಿಯದು. ಯಂತ್ರಕ್ಕಾದರೋ ಅವೆರಡೂ ಬೇರೆ ಬೇರೆ ಅಕ್ಷರಗಳು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಟ್ಟಿರುವ ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ 3202, ಸೊನ್ನೆಯ ಸಂಖ್ಯೆ 3302. ಐನೂರು ಪುಟದ ಗ್ರಂಥದಲ್ಲಿ ಅಜ್ಜಂಪುರವನ್ನು ಹುಡುಕಿರೆಂದು ಯಂತ್ರಕ್ಕೆ ಹೇಳಿದರೆ, ಸೊನ್ನೆಯಿಟ್ಟು ಬರೆದ ಅಜ್ಜ೦ಪುರಗಳೆಲ್ಲವೂ ಅದಕ್ಕೆ ಕಾಣದೆ ಹೋಗುತ್ತವೆ. ಗ್ರಂಥದಲ್ಲಿ ಊರಿದ್ದೂ ಇಲ್ಲದಂತಾಗುತ್ತದೆ. ಮುದ್ರಾರಾಕ್ಷಸನು ಒಂದು ಅಕ್ಷರವನ್ನು ಕೆಡಿಸುತ್ತಿದ್ದನು. ಈ ಹೊಸ ರಾಕ್ಷಸನು ಊರನ್ನೇ ನುಂಗುತ್ತಾನೆ.

ಇದನ್ನು ತಿದ್ದುವ ಬಗೆ ಹೇಗೆ? ಈಗಿನ ಬಗೆಯು ಹೀಗಿದೆ: ಒಬ್ಬ ಬಡ ಬೆರಳಚ್ಚುಗಾರನನ್ನು ಕುಳ್ಳಿರಿಸಿ, ಪುಟಪುಟವನ್ನೂ ನೋಡಿಸಿ, ಒಂದೊಂದನ್ನಾಗಿ ಅಳಿಸಿ ಬರೆಯಿಸುವುದು. ಸೊನ್ನೆಯನ್ನೆಲ್ಲ ಒಮ್ಮೆಗೇ ಅನುಸ್ವಾರವಾಗಿಸಿಬಿಡೆಂದು ಯಂತ್ರಕ್ಕೆ ಹೇಳುವಂತೆಯೂ ಇಲ್ಲ. ಹೇಳಿದರೆ ೧೦, ೨೦ ಎಂಬ ನಿಜವಾದ ಅಂಕಿಗಳೂ ಕೆಟ್ಟುಹೋಗುತ್ತವೆ. ಆದರೆ ಅಕ್ಷರ ಬಲ್ಲ ಯಾರಾದರೂ ಅರೆಗಳಿಗೆ ಯೋಚಿಸಿದರೆ ನಿಯಮವು ತಾನಾಗಿ ಹೊಳೆಯುತ್ತದೆ: ಸೊನ್ನೆಯ ಹಿಂದೆ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಅದು ಅನುಸ್ವಾರ, ಹಿಂದೆ ಅಂಕಿಯಿದ್ದರೆ ಅಥವಾ ಏನೂ ಇಲ್ಲದಿದ್ದರೆ ಅದು ಸೊನ್ನೆಯೇ. ಇದು ಎಂಜಿನಿಯರನ ಜ್ಞಾನವಲ್ಲ, ಕನ್ನಡ ಉಪಾಧ್ಯಾಯನ ಜ್ಞಾನ. ಈ ನಿಯಮವನ್ನು ಯಂತ್ರಕ್ಕೆ ತಿಳಿಯುವ ಆರೇಳು ಸಾಲುಗಳಲ್ಲಿ ಬರೆದಿಟ್ಟರೆ ಐನೂರು ಪುಟಗಳೂ ಕಣ್ಣು ಮಿಟುಕಿಸುವಷ್ಟರಲ್ಲಿ ತಿದ್ದಿಹೋಗುತ್ತವೆ; ಮುಂದಿನ ಗ್ರಂಥಕ್ಕೂ ಅದೇ ಸಾಲುಗಳು ಸಾಕು. ಮದಗದ ಕೆರೆಯ ನೀರನ್ನು ಕೊಡದಲ್ಲಿ ಹೊತ್ತು ಗದ್ದೆಗೆ ಹಾಕುವವನಿಗೂ, ಏರಿಗೆ ಒಂದು ತೂಬನ್ನಿಟ್ಟು ಬೇಕಾದಾಗ ಎತ್ತುವವನಿಗೂ ಇರುವ ಅಂತರವೇ ಇಲ್ಲಿಯೂ ಇದೆ.

ಇಂತಹ ಸಾಲುಗಳನ್ನು ಬರೆಯಲು ಹೇಳಿ ಮಾಡಿಸಿದಂತಹ ಉಪಕರಣವೊಂದು ಬಹುಕಾಲದಿಂದ ಇದೆ. ಅದರ ಹೆಸರು ಈಮ್ಯಾಕ್ಸ್. ಅದು ಬರೆಹವನ್ನು ಬರೆಯುವ, ತಿದ್ದುವ ತಂತ್ರಾಂಶ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ 1976ರಲ್ಲಿ ಹುಟ್ಟಿದ ಅದರ ಮೂಲರೂಪವನ್ನು ರಿಚರ್ಡ್ ಸ್ಟಾಲ್‌ಮನ್ನರು 1985ರಲ್ಲಿ ಹೊಸದಾಗಿ ಕಟ್ಟಿ, ಯಾರು ಬೇಕಾದರೂ ಪಡೆದು, ನೋಡಿ, ತಿದ್ದಿ, ಹಂಚಿಕೊಳ್ಳಬಹುದೆಂದು ಲೋಕಕ್ಕೆ ಬಿಟ್ಟುಕೊಟ್ಟರು. ಅದಕ್ಕೆ ಬೆಲೆಯಿಲ್ಲ. ಅದರೊಳಗೆ ಕನ್ನಡವನ್ನು ಬರೆಯಲು ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಎಂಬ ಕೀಲಿಕ್ರಮಗಳು ಸಿದ್ಧವಾಗಿವೆ. ಜಗತ್ತಿನ ಭಾಷೆಗಳಲ್ಲಿ ವಂದನೆ ಹೇಳುವ ಅದರ ಪುಟದಲ್ಲಿ ಕನ್ನಡದ 'ನಮಸ್ಕಾರ'ವೂ ಇದೆ. ಆ ತಂತ್ರಾಂಶದ ಬಹುಭಾಗವು ಲಿಸ್ಪ್ ಎಂಬ ಭಾಷೆಯಲ್ಲಿಯೇ ಬರೆದುದಾಗಿರುವುದರಿಂದ, ಅದೇ ಭಾಷೆಯಲ್ಲಿ ಯಾರೇ ಒಂದು ಹೊಸ ಸೂತ್ರವನ್ನು ಬರೆದರೂ ಅದು ಕೂಡಲೇ ಹಳೆಯ ಸೂತ್ರಗಳ ಪಂಕ್ತಿಯಲ್ಲಿ ಸೇರಿ ಕೆಲಸ ಮಾಡತೊಡಗುತ್ತದೆ. ಮನೆಯೊಡೆಯನು ಕಟ್ಟಿದ ಗೋಡೆಗೂ ಬಾಡಿಗೆಯವನು ಹೊಡೆದ ಮೊಳೆಗೂ ಅಲ್ಲಿ ಪಂಕ್ತಿಭೇದವಿಲ್ಲ.

ಲಿಸ್ಪ್ ಭಾಷೆಯನ್ನು 1958ರಲ್ಲಿ ಕಲ್ಪಿಸಿದವರು ಜಾನ್ ಮೆಕಾರ್ಥಿ. ಅದರ ವ್ಯಾಕರಣವು ಒಂದು ಮಾತಿನಲ್ಲಿ ಮುಗಿಯುತ್ತದೆ: ಆವರಣಚಿಹ್ನೆಯನ್ನು ತೆರೆ, ಮೊದಲು ಕ್ರಿಯೆಯನ್ನು ಹೇಳು, ಅನಂತರ ಅದಕ್ಕೆ ಬೇಕಾದುದನ್ನು ಹೇಳು, ಆವರಣವನ್ನು ಮುಚ್ಚು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದವು ಕೊನೆಗೆ ಬರುತ್ತದೆ, ಇಲ್ಲಿ ಮೊದಲಿಗೆ ಬರುತ್ತದೆ, ಅಷ್ಟೇ ವ್ಯತ್ಯಾಸ. ಒಂದು ಆವರಣದೊಳಗೆ ಮತ್ತೊಂದು ಆವರಣವಿದ್ದರೆ ಒಳಗಿನದನ್ನು ಮೊದಲು ಬಿಡಿಸಿಕೊಳ್ಳಬೇಕು. ಸಮಾಸದೊಳಗಿನ ಸಮಾಸಕ್ಕೆ ವಿಗ್ರಹವಾಕ್ಯ ಹೇಳಬಲ್ಲವರಿಗೆ ಇದು ಹೊಸ ವಿದ್ಯೆಯಲ್ಲ. ಮೇಲೆ ಹೇಳಿದ ಅನುಸ್ವಾರದ ಸೂತ್ರವನ್ನು ಮಾತಿನಲ್ಲಿ ಬಿಡಿಸಿದರೆ ಹೀಗಾಗುತ್ತದೆ: ಕಡತದ ತಲೆಗೆ ಹೋಗು, ಅಕ್ಷರದ ಬೆನ್ನಿಗೆ ಬಂದ ಸೊನ್ನೆಯನ್ನು ಹುಡುಕು, ಸಿಕ್ಕುತ್ತಿರುವವರೆಗೂ ಅದರ ಸ್ಥಾನದಲ್ಲಿ ಅನುಸ್ವಾರವನ್ನು ಇಡು, ಮುಗಿದ ಮೇಲೆ ಮೊದಲಿದ್ದ ಸ್ಥಳಕ್ಕೆ ಹಿಂದಿರುಗು. ಸೂತ್ರದ ಹೆಸರಿನ ಕೆಳಗೆ, ಅದು ಏನು ಮಾಡುವುದೆಂದು ಒಂದೆರಡು ವಾಕ್ಯಗಳ ವಿವರಣೆಯನ್ನು ಸೇರಿಸುವುದು ಅಲ್ಲಿಯ ಸಂಪ್ರದಾಯ. ಕೇಳಿದಾಗ ಯಂತ್ರವೇ ಆ ವಿವರಣೆಯನ್ನು ತೆರೆದು ತೋರಿಸುತ್ತದೆ. ಸೂತ್ರ, ಅದರ ಬೆನ್ನಿಗೆ ವೃತ್ತಿ ಎಂಬ ಈ ಕ್ರಮವನ್ನು ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಹದಿಮೂರನೆಯ ಶತಮಾನದಲ್ಲಿಯೇ ನಡೆಸಿದ್ದನು. ಕನ್ನಡಿಗರಿಗೆ ಇದು ಪರಕೀಯವೆನ್ನುವವರು ತಮ್ಮ ಮನೆಯ ಅಟ್ಟವನ್ನು ನೋಡಿದವರಲ್ಲ.

ಸೂತ್ರದ ಪ್ರಯೋಜನವು ಅನುಸ್ವಾರವೊಂದರಲ್ಲಿ ಮುಗಿಯುವುದಿಲ್ಲ. ಯೂನಿಕೋಡು ಎಲ್ಲೆಡೆಯೂ ಬಳಕೆಗೆ ಬರುವ ಮುಂಚೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲಿ ಕನ್ನಡವು ಯಥೇಚ್ಛವಾಗಿ ಬೆರಳಚ್ಚಾಯಿತು. ಅವು ಆ ಕಾಲದಲ್ಲಿ ಕನ್ನಡಕ್ಕೆ ಮಾಡಿದ ಉಪಕಾರವನ್ನು ಮರೆಯತಕ್ಕುದಲ್ಲ. ಆದರೆ ಆ ಕಡತಗಳನ್ನು ಈಗ ಬೇರೊಂದು ಯಂತ್ರದಲ್ಲಿ ತೆರೆದರೆ, ಹಳೆಯ ಅಕ್ಷರಮಾದರಿಯಿಲ್ಲದಿದ್ದಲ್ಲಿ, ಕಾಣುವುದು ಅರ್ಥವಿಲ್ಲದ ರೋಮನ್ ಚಿಹ್ನೆಗಳ ಕಸ. ಸ್ಮರಣಸಂಚಿಕೆಗಳು, ಊರಿನ ಇತಿಹಾಸಗಳು, ವಂಶಾವಳಿಗಳು, ಹಿರಿಯರು ಹೇಳಿ ಬರೆಯಿಸಿದ ಜನಪದ ಗೀತೆಗಳು—ಎಷ್ಟೋ ಮನೆಗಳ ಎಷ್ಟೋ ಬರೆಹಗಳು ಹೀಗೆ ಮೂಕವಾಗಿ ಬಿದ್ದಿವೆ. ಪರಿವರ್ತಿಸುವ ಸಾಧನಗಳು ಇವೆ, ನಿಜ. ಆದರೂ ಅವುಗಳಿಂದ ಹೊರಬಂದ ಬರೆಹದಲ್ಲಿ ಉಳಿದುಕೊಳ್ಳುವ ದೋಷಗಳನ್ನು ತಿದ್ದುವವರು ಬೇಕು. 'ಕಾರ್ಯ' ಎಂಬ ಮಾತನ್ನು ನೋಡಿರಿ. ಹಳೆಯ ಕ್ರಮದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವಂತೆಯೇ ಯಕಾರದ ಬಳಿಕ ದಾಖಲಾಗಿದೆ. ಹೊಸ ಕ್ರಮದಲ್ಲಾದರೋ ಉಚ್ಚಾರಣೆಯಂತೆ ಯಕಾರಕ್ಕಿಂತ ಮೊದಲು ರೇಫವು ನಿಲ್ಲಬೇಕು. ಆದುದರಿಂದ ಅರ್ಕಾವತ್ತು ಕಂಡಲ್ಲೆಲ್ಲ, ಅದರ ಹಿಂದಿನ ವ್ಯಂಜನವನ್ನು ಒತ್ತಕ್ಷರ ಸ್ವರಚಿಹ್ನೆಗಳ ಸಮೇತ ದಾಟಿ, ರೇಫವನ್ನು ಮುಂದಕ್ಕೆ ತಂದಿಡಬೇಕು. ಇದೂ ಒಂದು ಸೂತ್ರವೇ. ಬೀರೂರು ಜಂಕ್ಷನ್ನಿನಲ್ಲಿ ಹಳಿಯನ್ನು ಒಮ್ಮೆ ತಿರುಗಿಸಿದರೆ ಇಡೀ ಗಾಡಿಯು ಅಜ್ಜಂಪುರದ ದಿಕ್ಕನ್ನು ಬಿಟ್ಟು ತರೀಕೆರೆಯ ದಿಕ್ಕಿಗೆ ಹೊರಳುತ್ತದೆ. ಒಂದೊಂದು ಡಬ್ಬಿಯನ್ನೂ ಹೆಗಲ ಮೇಲೆ ಹೊತ್ತು ಸಾಗಿಸುವವರಾರೂ ಇಲ್ಲ. ಕನ್ನಡದ ಪದಗಳನ್ನು ಮಾತ್ರ ಏಕೆ ಹೆಗಲ ಮೇಲೆ ಹೊರಬೇಕು?

ಇನ್ನು ಸಾಹಿತ್ಯದ ವಿಚಾರಕ್ಕೆ ಬರೋಣವಾಗಲಿ. ಲಕ್ಷ್ಮೀಶನ ಕಾವ್ಯದ 34 ಸಂಧಿಗಳೂ ವಾರ್ಧಕ ಷಟ್ಪದಿಯಲ್ಲಿವೆ. ಆ ಷಟ್ಪದಿಯ 1, 2, 4, 5ನೆಯ ಪಾದಗಳಲ್ಲಿ ಇಪ್ಪತ್ತಿಪ್ಪತ್ತು ಮಾತ್ರೆಗಳು. 3, 6ನೆಯ ಪಾದಗಳಲ್ಲಿ ಐದು ಮಾತ್ರೆಯ ಆರು ಗಣಗಳೂ ಮೇಲೊಂದು ಗುರುವೂ ಸೇರಿ 32. ಹ್ರಸ್ವಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಒತ್ತಕ್ಷರದ ಹಿಂದಿನದಕ್ಕೆ, ಅನುಸ್ವಾರ ವಿಸರ್ಗಗಳಿಂದ ಕೂಡಿದುದಕ್ಕೆ, ವ್ಯಂಜನದಲ್ಲಿ ನಿಲ್ಲುವುದಕ್ಕೆ ಎರಡು. ಈ ಲೆಕ್ಕದಿಂದ ಕಡೂರು ಎಂಬುದು ನಾಲ್ಕು ಮಾತ್ರೆ, ತರೀಕೆರೆ ಐದು, ಅಜ್ಜಂಪುರ ಆರು. ತರೀಕೆರೆಯ ದೀರ್ಘವು ಬೆರಳಚ್ಚಿನಲ್ಲಿ ಜಾರಿ 'ತರಿಕೆರೆ'ಯಾದರೆ ಐದು ನಾಲ್ಕಾಗುತ್ತದೆ; ಪದ್ಯದ ಪಾದದಲ್ಲಿ ಹಾಗಾದರೆ ಇಪ್ಪತ್ತು ಹತ್ತೊಂಬತ್ತಾಗುತ್ತದೆ. ಶಾಲೆಯಲ್ಲಿ ಪ್ರಸ್ತಾರ ಹಾಕಿದ ಯಾರಾದರೂ ಈ ನಿಯಮವನ್ನು ಸೂತ್ರವಾಗಿ ಬರೆಯಬಹುದು. ಬರೆದರೆ ಇಡೀ ಕಾವ್ಯದಲ್ಲಿ ಮಾತ್ರೆ ಕೆಟ್ಟ ಪಾದಗಳೆಲ್ಲ ಒಂದೆಡೆ ಪಟ್ಟಿಯಾಗಿ ಎದುರು ನಿಲ್ಲುತ್ತವೆ. ಆರು ಪಾದಗಳ ಎರಡನೆಯ ಅಕ್ಷರಗಳನ್ನು ಹೋಲಿಸಿ ಪ್ರಾಸ ತಪ್ಪಿದುದನ್ನು ತೋರಿಸುವ ಇನ್ನೊಂದು ಸೂತ್ರವು ಇದಕ್ಕಿಂತಲೂ ಸುಲಭ.

ಇಲ್ಲಿ ಯಂತ್ರವು ತೀರ್ಪು ಕೊಡುವುದಿಲ್ಲ, ಸಂದೇಹವನ್ನು ಎತ್ತಿ ತೋರಿಸುತ್ತದೆ ಎಂಬುದನ್ನು ಗಮನಿಸಬೇಕು. ಹಳಗನ್ನಡ ಪದ್ಯಗಳಲ್ಲಿ ಶಿಥಿಲದ್ವಿತ್ವವು ಬಂದಲ್ಲಿ ಒತ್ತಕ್ಷರದ ಹಿಂದಿನ ಅಕ್ಷರವು ಗುರುವಾಗದೆ ಲಘುವಾಗಿಯೇ ಉಳಿಯುತ್ತದೆ. ಯಂತ್ರಕ್ಕೆ ಅದು ತಿಳಿಯದು, ಕಿವಿ ಪಳಗಿದ ಓದುಗನಿಗೆ ತಿಳಿಯುತ್ತದೆ. ಬಕಾರಕ್ಕೆ ಭಕಾರ ಬಿದ್ದ ತಪ್ಪು ಮಾತ್ರೆಯ ಲೆಕ್ಕಕ್ಕೆ ಸಿಕ್ಕುವುದೇ ಇಲ್ಲ. ಆದುದರಿಂದ ಸೂತ್ರವು ಪಂಡಿತನನ್ನು ಮನೆಗೆ ಕಳುಹಿಸುತ್ತದೆಯೆಂಬ ಭಯವು ನಿರಾಧಾರ. ಅದು ಅವನನ್ನು ಕೂಲಿಯ ಕೆಲಸದಿಂದ ಬಿಡಿಸಿ ಪಂಡಿತನ ಕೆಲಸಕ್ಕೆ ಕುಳ್ಳಿರಿಸುತ್ತದೆ.

ಇಷ್ಟಾದರೂ ಆಕ್ಷೇಪಗಳು ನಿಲ್ಲುವುದಿಲ್ಲ. ಇದು ಎಂಜಿನಿಯರರ ವಿದ್ಯೆ, ಗೃಹಸ್ಥರದೂ ಗೃಹಿಣಿಯರದೂ ಅಲ್ಲ ಎಂಬುದು ಮೊದಲನೆಯದು. ಇದಕ್ಕೆ ಉತ್ತರವು ಇತಿಹಾಸದಲ್ಲಿಯೇ ಇದೆ. 1978ರಲ್ಲಿ ಬರ್ನಾರ್ಡ್ ಗ್ರೀನ್‌ಬರ್ಗರು ಈಮ್ಯಾಕ್ಸಿನ ಒಂದು ರೂಪವನ್ನು ಲಿಸ್ಪಿನಲ್ಲಿ ರಚಿಸಿದಾಗ, ಅವರ ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಕಾರ್ಯದರ್ಶಿಗಳು ತಾವೇ ಸೂತ್ರಗಳನ್ನು ಬರೆಯಲು ಕಲಿತರೆಂದು ಸ್ಟಾಲ್‌ಮನ್ನರು 2002ರ ಒಂದು ಭಾಷಣದಲ್ಲಿ ಹೇಳಿದ್ದಾರೆ. ಅವರು ಕಲಿತ ಕೈಪಿಡಿಯಲ್ಲಿ ಇದು 'ಪ್ರೋಗ್ರಾಮಿಂಗ್' ಎಂಬ ಮಾತು ಇರಲಿಲ್ಲವಂತೆ. ಆ ವಿದ್ಯೆ ತಮ್ಮಿಂದಾಗದೆಂದು ನಂಬಿದ್ದವರು, ಹೆಸರು ಕೇಳದ ಕಾರಣದಿಂದಲೇ, ಅಂಜದೆ ಮಾಡಿ ಮುಗಿಸಿದರು. ಅಡ್ಡಿಯಾಗಿದ್ದುದು ವಿದ್ಯೆಯ ಕಾಠಿನ್ಯವಲ್ಲ, ಹೆಸರಿನ ಭೂತ. ತರೀಕೆರೆ ಏರಿಯ ಮೇಲಿನ ಕರಿಯ ಕುರಿಮರಿಗಳ ಮಾತನ್ನು ನಾಲಗೆ ತೊಡರದಂತೆ ಹೇಳಲು ಮಕ್ಕಳಿಗೆ ಯಾವ ಪದವಿಯೂ ಬೇಕಾಗಿಲ್ಲ. ಹತ್ತು ಬಾರಿ ಎಡವುವ ಧೈರ್ಯ ಬೇಕಾಯಿತು, ಅಷ್ಟೇ.

ಇದೆಲ್ಲವೂ ಇಂಗ್ಲಿಷಿನಲ್ಲಿದೆಯಲ್ಲ ಎಂಬುದು ಎರಡನೆಯದು. ಮೂಲದ ಕ್ರಿಯಾಪದಗಳು ಇಂಗ್ಲಿಷಿನವು, ಒಪ್ಪತಕ್ಕ ಮಾತು. ಆದರೆ ಬರೆಯುವವನು ತನ್ನ ಸೂತ್ರಕ್ಕೆ 'ಮಾತ್ರೆ-ಎಣಿಸು' ಎಂದು ಕನ್ನಡದ ಲಿಪಿಯಲ್ಲಿಯೇ ಹೆಸರಿಡಬಹುದು. ಯಂತ್ರವು ಅದನ್ನು ಯಾವ ತಕರಾರೂ ಇಲ್ಲದೆ ಸ್ವೀಕರಿಸುತ್ತದೆ. ವಿವರಣೆಯನ್ನೂ ಕನ್ನಡದಲ್ಲಿಯೇ ಬರೆಯಬಹುದು. ಹತ್ತು ಜನ ಹತ್ತು ಸೂತ್ರಗಳನ್ನು ಹೀಗೆ ಬರೆದರೆ, ಹನ್ನೊಂದನೆಯವನಿಗೆ ಬೇಕಾದ ಕ್ರಿಯಾಪದಗಳಲ್ಲಿ ಹಲವು ಕನ್ನಡದಲ್ಲಿಯೇ ದೊರೆಯುತ್ತವೆ. ಭಾಷೆಯು ಕಾದು ಕುಳಿತವರಿಗೆ ಬೆಳೆಯುವುದಿಲ್ಲ, ಬಳಸಿದವರಿಗೆ ಬೆಳೆಯುತ್ತದೆ.

ಸಿದ್ಧ ತಂತ್ರಾಂಶಗಳು ಅಂಗಡಿಯಲ್ಲಿ ಸಿಕ್ಕುವಾಗ ಈ ಪ್ರಯಾಸವೇಕೆ ಎಂಬುದು ಮೂರನೆಯದು. ಸಿದ್ಧ ಉಡುಪು ಎಲ್ಲರ ಅಳತೆಗೂ ಸುಮಾರಾಗಿ ಹೊಂದುತ್ತದೆ. ಆದರೆ ಶಿಥಿಲದ್ವಿತ್ವದ ಚಿಂತೆಯುಳ್ಳ ಗಿರಾಕಿಗಳು ಎಷ್ಟು ಮಂದಿ? ಅಷ್ಟು ಅಲ್ಪಸಂಖ್ಯರಿಗಾಗಿ ಯಾವ ವ್ಯಾಪಾರಿಯೂ ಅಂಗಡಿ ತೆರೆಯನು. ತೆರೆಯಲಿಲ್ಲವೆಂದು ಅವನನ್ನು ದೂರುವುದೂ ನ್ಯಾಯವಲ್ಲ. ಕನ್ನಡಕ್ಕೇ ವಿಶಿಷ್ಟವಾದ ಬೇಕುಗಳನ್ನು ಕನ್ನಡಿಗರೇ ಪೂರೈಸಿಕೊಳ್ಳಬೇಕು. ಬೇರೆ ದಾರಿಯಿಲ್ಲ.

ನಾಲ್ಕನೆಯ ಆಕ್ಷೇಪವೇ ಈಗ ಎಲ್ಲರ ಬಾಯಲ್ಲಿರುವುದು: 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದಂದಿನಿಂದ ಕೃತಕ ಬುದ್ಧಿಯ ಯಂತ್ರಗಳು ಕೇಳಿದುದನ್ನೆಲ್ಲ ಮಾಡಿಕೊಡುತ್ತಿರುವಾಗ ಸೂತ್ರ ಕಲಿಯುವುದು ರೈಲು ಬಂದ ಮೇಲೆ ಎತ್ತಿನ ಗಾಡಿ ಕಟ್ಟಿದಂತೆ ಎಂಬುದು. ಈ ಉಪಮೆಯು ತಲೆಕೆಳಗಾಗಿದೆ. ಆ ಯಂತ್ರಕ್ಕೆ ಒಂದು ಹಳೆಯ ಪದ್ಯವನ್ನು ಕೊಟ್ಟು ತಿದ್ದೆಂದರೆ, ಅದು ತಪ್ಪನ್ನೂ ತಿದ್ದಬಹುದು, ಸರಿಯಾದ ಹಳಗನ್ನಡ ರೂಪವನ್ನೂ ಹೊಸಗನ್ನಡವಾಗಿಸಿಬಿಡಬಹುದು. ಎಲ್ಲೆಲ್ಲಿ ಕೈಯಾಡಿಸಿತೆಂಬುದು ಮಾತ್ರ ಮೇಲುನೋಟಕ್ಕೆ ತಿಳಿಯದು. ನಾಳೆ ಅದೇ ಪದ್ಯವನ್ನು ಕೊಟ್ಟರೆ ಬೇರೊಂದು ಪಾಠವನ್ನೂ ಕೊಡಬಹುದು. ಸೂತ್ರವಾದರೋ ಹೇಳಿದಷ್ಟನ್ನೇ ಮಾಡುತ್ತದೆ, ಪ್ರತಿ ಸಲವೂ ಹಾಗೆಯೇ ಮಾಡುತ್ತದೆ, ಏನು ಮಾಡಿತೆಂಬುದನ್ನು ಯಾರು ಬೇಕಾದರೂ ಓದಿ ಪರೀಕ್ಷಿಸಬಹುದು. ಸೂತ್ರವನ್ನೇ ಆ ಯಂತ್ರದಿಂದ ಬರೆಯಿಸಬಹುದಲ್ಲ ಎಂದರೆ, ಧಾರಾಳವಾಗಿ ಬರೆಯಿಸಬಹುದು. ಆದರೆ ಬಂದುದನ್ನು ಓದಿ ಅರ್ಥಮಾಡಿಕೊಳ್ಳುವ ಶಕ್ತಿಯಾದರೂ ಬೇಡವೇ? ಲೆಕ್ಕ ಬಾರದವನು ಗುಮಾಸ್ತನನ್ನು ಇಟ್ಟುಕೊಂಡರೆ ಯಜಮಾನನಾಗುವವನು ಗುಮಾಸ್ತನೇ.

ಒಂದು ಸಣ್ಣ ಸೂತ್ರಕ್ಕಾಗಿ ಎರಡು ಗಂಟೆ ಕಳೆದು ಹತ್ತು ನಿಮಿಷದ ಕೆಲಸವನ್ನು ಉಳಿಸುವುದು ಜಾಣತನವೇ ಎಂಬ ಕೊನೆಯ ಆಕ್ಷೇಪದಲ್ಲಿ ಹುರುಳಿದೆ. ಒಂದೇ ಬಾರಿ ಮಾಡತಕ್ಕ ಕೆಲಸವನ್ನು ಕೈಯಿಂದಲೇ ಮಾಡಿ ಮುಗಿಸುವುದು ಮೇಲು. ಮೂರು ನಾಲ್ಕು ಬಾರಿ ಬರುವುದಾದರೆ ಕೀಲಿಗಳನ್ನು ಒತ್ತಿದ ಕ್ರಮವನ್ನೇ ಈಮ್ಯಾಕ್ಸು ನೆನಪಿಟ್ಟುಕೊಂಡು ಮರಳಿ ಮಾಡುತ್ತದೆ. ಅದಕ್ಕೆ ಒಂದಕ್ಷರ ಲಿಸ್ಪೂ ಬೇಡ. ತಿಂಗಳು ತಿಂಗಳೂ ಬರುವ ಕೆಲಸಕ್ಕೆ, ನೂರಾರು ಪುಟಗಳ ಕೆಲಸಕ್ಕೆ ಮಾತ್ರ ಸೂತ್ರವು ಸಲ್ಲುತ್ತದೆ. ಇದು ವಿವೇಕದ ಪ್ರಶ್ನೆ. ವಿವೇಕವು ಬಲ್ಲವನಿಗೆ ಮಾತ್ರ ಸಾಧ್ಯ. ಸೂತ್ರವನ್ನೇ ಅರಿಯದವನಿಗೆ ಆಯ್ಕೆಯೇ ಇಲ್ಲ, ಹೊರುವುದೊಂದೇ ದಾರಿ.

ಸೂತ್ರದಲ್ಲಿ ಅಪಾಯವೂ ಉಂಟು. ಒಂದು ಒಳ್ಳೆಯ ನಿಯಮವು ಐನೂರು ಪುಟಗಳನ್ನು ತಿದ್ದುವಷ್ಟೇ ವೇಗವಾಗಿ ಒಂದು ಕೆಟ್ಟ ನಿಯಮವು ಅವನ್ನು ಕೆಡಿಸಬಲ್ಲುದು. ಆದುದರಿಂದ ಮೂಲದ ಪ್ರತಿಯನ್ನು ಮುಟ್ಟದೆ ಬೇರೆಯಾಗಿ ಇಟ್ಟಿರತಕ್ಕದ್ದು. ಮೊದಲು ಒಂದು ಪುಟದ ಮೇಲೆ ಪ್ರಯೋಗಿಸಿ ನೋಡತಕ್ಕದ್ದು. ಸಂದೇಹವಿದ್ದಲ್ಲಿ ಒಂದೊಂದು ಬದಲಾವಣೆಗೂ ಅಪ್ಪಣೆ ಕೇಳುವಂತೆ ಸೂತ್ರವನ್ನು ಬರೆಯತಕ್ಕದ್ದು. ಹೊಲಕ್ಕೆ ನೀರು ಬಿಡುವವನು ಮೊದಲು ಬದುವನ್ನು ನೋಡಿಕೊಳ್ಳುವುದಿಲ್ಲವೇ?

ಹಾಗಾದರೆ ಮಾಡಬೇಕಾದುದೇನು? ಮೂರು ಊರುಗಳಲ್ಲಿಯೂ ಸಾಹಿತ್ಯಗೋಷ್ಠಿಗಳು ನಡೆಯುತ್ತಲೇ ಇರುತ್ತವೆ. ತಿಂಗಳಿಗೊಂದು ಸಂಜೆಯನ್ನು ಇದಕ್ಕಾಗಿ ಮೀಸಲಿಟ್ಟು, ಒಂದು ಕಡತವನ್ನೂ ಒಂದು ತಪ್ಪನ್ನೂ ಮುಂದಿಟ್ಟುಕೊಂಡು, ಉಪಾಧ್ಯಾಯರೂ ಕಾಲೇಜಿನ ವಿದ್ಯಾರ್ಥಿಗಳೂ ನಿವೃತ್ತರೂ ಗೃಹಿಣಿಯರೂ ಬೆರಳಚ್ಚಿನ ಕಸುಬಿನವರೂ ಒಟ್ಟಿಗೆ ಕುಳಿತು ನಿಯಮವನ್ನು ಕಂಡುಹಿಡಿಯಲಿ. ಕಸುಬಿನವರನ್ನು ಹೊರಗಿಡುವುದು ಮಹಾಪರಾಧ. ತಪ್ಪುಗಳ ಸ್ವಭಾವವನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಅಲ್ಲಿ ಹುಟ್ಟಿದ ಸೂತ್ರವನ್ನು, ಕನ್ನಡದ ಹೆಸರನ್ನೂ ವೃತ್ತಿಯನ್ನೂ ಕೊಟ್ಟು, ಬೇಕಾದವರಿಗೆ ಹಂಚಲಿ. ಮೊದಲನೆಯ ವರ್ಷದಲ್ಲಿ ಹನ್ನೆರಡು ಸೂತ್ರಗಳಾದರೆ ಸಾಕು. ಅಷ್ಟರಿಂದಲೇ ಮೂಕವಾಗಿ ಬಿದ್ದಿರುವ ಎಷ್ಟೋ ಕಡತಗಳಿಗೆ ಬಾಯಿ ಬಂದೀತು.

ಮನೆಯ ಹಿರಿಯನು ಬರೆಯಿಸಿಟ್ಟ ಬರೆಹವು ಮೊಮ್ಮಗಳ ಯಂತ್ರದಲ್ಲಿ ತೆರೆಯದೆ ಹೋದರೆ ನಷ್ಟವು ಆ ಮನೆಯೊಂದರದಲ್ಲ. ಕಲ್ಲಿನ ಮೇಲೆ ಕಂಡರಿಸಿದ ಅಮೃತಾಪುರದ ಅಕ್ಷರಗಳು ಎಂಟು ನೂರು ವರ್ಷಗಳ ಮಳೆಯನ್ನೂ ಬಿಸಿಲನ್ನೂ ತಾಳಿ ನಿಂತಿವೆ. ಇಪ್ಪತ್ತು ವರ್ಷಗಳ ಹಿಂದೆ ಬೆರಳಚ್ಚಾದ ಅಕ್ಷರಗಳು ಕಣ್ಣೆದುರಿಗೇ ಕಸವಾಗುತ್ತಿವೆ. ಇದನ್ನು ನೋಡಿಯೂ ಅದು ತನ್ನ ಕೆಲಸವಲ್ಲವೆಂದು ಕೈಕಟ್ಟಿ ಕುಳಿತಿರುವವರು ಕನ್ನಡದ ಅಭಿಮಾನವನ್ನು ವೇದಿಕೆಯ ಮೇಲೆ ಹೇಳಿಕೊಳ್ಳದಿರುವುದೇ ಲೇಸು. ಬರೆಯಬಲ್ಲ ಕೈಗೆ ಸೂತ್ರವನ್ನು ಹಿಡಿಯುವ ಶಕ್ತಿಯೂ ಇದೆ; ಇಲ್ಲದಿರುವುದು ಸಂಕಲ್ಪವೊಂದೇ.